ಓದುಗರ ಪ್ರಶ್ನೆ, ಕಾನೂನಿನ ಉತ್ತರ: ಇ-ಸಿಗರೇಟು ಮಾರಾಟಕ್ಕೆ ಪರವಾನಗಿ ಯಾರು ಕೊಡುತ್ತಾರೆ?

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಿಂದ ಇ-ಸಿಗರೇಟು (ದ್ರವವನ್ನು ಬ್ಯಾಟರಿಯಿಂದ ಬಿಸಿ ಮಾಡಿ ಆವಿ ಸೇದುವ ಸಾಧನ, ವೇಪ್ ಎಂದೂ ಕರೆಯುತ್ತಾರೆ) ಎಂಬ ಒಂದೇ ವಿಷಯದ ಬಗ್ಗೆ ಹಲವು ಪತ್ರಗಳು ಬಂದಿರುವುದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಡಲಾಗಿದೆ. ಪತ್ರ ಬರೆದವರ ಹೆಸರುಗಳನ್ನು ಅವರ ಕೋರಿಕೆಯಂತೆ ಪ್ರಕಟಿಸಿಲ್ಲ.

ಪ್ರಶ್ನೆ: ಹಾಸನದ ಬಿ.ಎಂ. ರಸ್ತೆಯಲ್ಲಿ ನನ್ನದೊಂದು ಮೊಬೈಲ್ ಬಿಡಿಭಾಗಗಳ ಅಂಗಡಿ ಇದೆ. ಇ-ಸಿಗರೇಟುಗಳ ವಿತರಕನೆಂದು ಹೇಳಿಕೊಂಡ ಒಬ್ಬರು ಬಂದು, ಚಾರ್ಜರ್ ಮತ್ತು ಇಯರ್‌ಫೋನ್‌ಗಳ ಜೊತೆಗೆ ಇದನ್ನೂ ಇಟ್ಟರೆ ಒಳ್ಳೆಯ ಲಾಭವಿದೆ, ಪರವಾನಗಿಯನ್ನು ತಾವೇ ಮಾಡಿಸಿಕೊಡುತ್ತೇವೆ, ಅದಕ್ಕೆ ಬೇರೆ ಶುಲ್ಕ ಕೊಟ್ಟರೆ ಸಾಕು ಎಂದರು. ಬೇರೆ ಊರಿನ ಅಂಗಡಿಯದೆಂದು ಹೇಳಿ ಒಂದು ಪರವಾನಗಿಯ ಜೆರಾಕ್ಸ್ ಪ್ರತಿಯನ್ನೂ ಕೊಟ್ಟು ಹೋಗಿದ್ದಾರೆ, ಅದನ್ನು ಲಗತ್ತಿಸಿದ್ದೇನೆ. ಇದು ಕ್ರಮಬದ್ಧವೇ?

ಉತ್ತರ: ಕ್ರಮಬದ್ಧವಲ್ಲ. ಇ-ಸಿಗರೇಟನ್ನು ಚಿಲ್ಲರೆಯಾಗಿ ಮಾರಲು ಪರವಾನಗಿ ಕೊಡುವ ಅಧಿಕಾರ ಭಾರತದ ಯಾವ ಕಚೇರಿಗೂ ಇಲ್ಲ. ನಗರಸಭೆಗಾಗಲಿ, ಜಿಲ್ಲಾಧಿಕಾರಿಗಳಿಗಾಗಲಿ, ಆರೋಗ್ಯ ಇಲಾಖೆಗಾಗಲಿ, ಔಷಧ ನಿಯಂತ್ರಣ ಇಲಾಖೆಗಾಗಲಿ ಇಲ್ಲದ ಅಧಿಕಾರವನ್ನು ಒಬ್ಬ ವಿತರಕ ತಂದುಕೊಡುತ್ತೇನೆ ಎನ್ನುವುದಾದರೆ ನೀವು ಕೊಡುವ ಶುಲ್ಕ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಕರ್ನಾಟಕ ಸರ್ಕಾರ 2016ರಲ್ಲಿಯೇ ಈ ಸಾಧನಗಳ ಮಾರಾಟವನ್ನು ನಿಷೇಧಿಸಿತ್ತು. ಅನಂತರ ಕೇಂದ್ರ ಸರ್ಕಾರ 2019ರ ಸೆಪ್ಟೆಂಬರ್ 18ರಂದು ಸುಗ್ರೀವಾಜ್ಞೆ ಹೊರಡಿಸಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಸಂಸತ್ತು ಅಂಗೀಕರಿಸಿದ ಎಲೆಕ್ಟ್ರಾನಿಕ್ ಸಿಗರೇಟುಗಳ ನಿಷೇಧ ಅಧಿನಿಯಮವು ಆ ಸೆಪ್ಟೆಂಬರ್ ದಿನಾಂಕದಿಂದಲೇ ಜಾರಿಯಲ್ಲಿದೆ. ಇದರ 4ನೇ ಕಲಮಿನ ಪ್ರಕಾರ ಉತ್ಪಾದನೆ, ತಯಾರಿಕೆ, ಆಮದು, ರಫ್ತು, ಸಾಗಣೆ, ಮಾರಾಟ, ವಿತರಣೆ ಮತ್ತು ಜಾಹೀರಾತು ಎಲ್ಲವೂ ನಿಷಿದ್ಧ. ಪೂರ್ಣ ಸಾಧನವನ್ನು ಮಾತ್ರವಲ್ಲ, ಅದರ ಯಾವುದೇ ಭಾಗವನ್ನೂ ಮಾರುವಂತಿಲ್ಲ ಎಂದು ಕಲಮು ಸ್ಪಷ್ಟವಾಗಿ ಹೇಳುವುದರಿಂದ, ಬಿಡಿಭಾಗಗಳ ವ್ಯಾಪಾರ ಮಾಡುವ ನಿಮ್ಮಂಥವರು ಆ ಮಾತನ್ನು ವಿಶೇಷವಾಗಿ ಗಮನಿಸಬೇಕು. ಸಾಧನವನ್ನು ಬಿಟ್ಟು ಅದರ ಕಾಯಿಲ್ ಅಥವಾ ದ್ರವ ತುಂಬುವ ಕಾರ್ಟ್ರಿಡ್ಜ್ ಮಾತ್ರ ಮಾರುತ್ತೇನೆ ಎಂಬ ಸಮಜಾಯಿಷಿ ನಿಲ್ಲುವುದಿಲ್ಲ.

ನೀವು ಕಳಿಸಿರುವ ಜೆರಾಕ್ಸ್ ಪ್ರತಿಯನ್ನು ಓದಿ ನೋಡಿದೆವು. ಮೇಲ್ಭಾಗದಲ್ಲಿ ದಪ್ಪ ಅಕ್ಷರಗಳಲ್ಲಿ ‘ವೇಪ್ ಡೀಲರ್ ಲೈಸೆನ್ಸ್’ ಎಂದಿದೆ. ಕೆಳಗೆ ಒಂದು ಜಿಎಸ್‌ಟಿ ಸಂಖ್ಯೆ, ಒಂದು ಉದ್ಯಮ್ ನೋಂದಣಿ ಸಂಖ್ಯೆ ಮತ್ತು ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ನೋಂದಣಿ ಸಂಖ್ಯೆ ಇವೆ, ಕೊನೆಯಲ್ಲಿ ಓದಲಾಗದಂಥ ಒಂದು ದುಂಡು ಮುದ್ರೆ ಇದೆ. ಜಿಎಸ್‌ಟಿ ನೋಂದಣಿ ತೆರಿಗೆ ಕಟ್ಟುವುದಕ್ಕಾಗಿ ಇರುವುದು, ಉದ್ಯಮ್ ನೋಂದಣಿ ಸಣ್ಣ ಉದ್ದಿಮೆ ಎಂದು ಗುರುತಿಸಿಕೊಳ್ಳುವುದಕ್ಕೆ, ಆಹಾರ ನೋಂದಣಿ ತಿಂಡಿತಿನಿಸುಗಳ ಮಾರಾಟಕ್ಕೆ. ಮೂರೂ ಸಂಖ್ಯೆಗಳು ಅಸಲಿಯೇ ಆಗಿದ್ದರೂ ಅವುಗಳಲ್ಲಿ ಯಾವುದೂ ನಿಷೇಧಿತ ವಸ್ತುವಿನ ಮಾರಾಟಕ್ಕೆ ಅನುಮತಿಯಾಗುವುದಿಲ್ಲ. ಯಾವುದೇ ಸರ್ಕಾರಿ ಪರವಾನಗಿಯಲ್ಲಿ ಅದನ್ನು ಯಾವ ಅಧಿನಿಯಮದ ಯಾವ ಕಲಮಿನ ಅಥವಾ ನಿಯಮದ ಅಡಿ ಕೊಡಲಾಗಿದೆ, ಕೊಟ್ಟ ಅಧಿಕಾರಿ ಯಾರು ಎಂಬುದು ಇರಲೇಬೇಕು. ಈ ಕಾಗದದಲ್ಲಿ ಎರಡೂ ಇಲ್ಲ.

ಶಿಕ್ಷೆಯ ವಿಚಾರಕ್ಕೆ ಬಂದರೆ, 4ನೇ ಕಲಮಿನ ಉಲ್ಲಂಘನೆಗೆ ಮೊದಲ ಸಲ ಒಂದು ವರ್ಷದವರೆಗೆ ಸೆರೆವಾಸ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಮತ್ತೆ ಅದೇ ಅಪರಾಧ ಮಾಡಿದರೆ ಮೂರು ವರ್ಷದವರೆಗೆ ಸೆರೆವಾಸ ಮತ್ತು 5 ಲಕ್ಷ ರೂಪಾಯಿವರೆಗೆ ದಂಡ. ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಪೊಲೀಸ್ ಅಧಿಕಾರಿ ವಾರಂಟ್ ಇಲ್ಲದೆಯೇ ಅಂಗಡಿಯನ್ನು ಶೋಧಿಸಿ ಸರಕನ್ನು ಜಪ್ತಿ ಮಾಡಬಹುದು. ಆ ಹೊತ್ತಿನಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿರುವವರು ನೀವೇ ಹೊರತು ವಿತರಕ ಅಲ್ಲ.

ಪ್ರಶ್ನೆ: ಹಾಗಾದರೆ ಬೀಡಿ, ಸಿಗರೇಟು ಮಾರುವ ನಮ್ಮಂಥ ಪೆಟ್ಟಿಗೆ ಅಂಗಡಿಯವರಿಗೆ ಏನೇನು ನಿಯಮಗಳಿವೆ? ಅದಕ್ಕೂ ಪರವಾನಗಿ ಬೇಕೇ? (ಕಡೂರಿನ ಓದುಗರು)

ಉತ್ತರ: ಅಂಗಡಿ ನಡೆಸಲು ಸ್ಥಳೀಯ ಸಂಸ್ಥೆಯ ವ್ಯಾಪಾರ ಪರವಾನಗಿ ಬೇಕು. ಪಟ್ಟಣದಲ್ಲಿ ಪುರಸಭೆ ಅಥವಾ ನಗರಸಭೆ, ಹಳ್ಳಿಯಲ್ಲಿ ಗ್ರಾಮ ಪಂಚಾಯಿತಿ ಅದನ್ನು ಕೊಡುತ್ತವೆ. ತಂಬಾಕು ಮಾರುವ ಅಂಗಡಿಗಳಿಗೆ ಸ್ಥಳೀಯ ಸಂಸ್ಥೆಗಳ ಮೂಲಕ ಪ್ರತ್ಯೇಕ ಅನುಮತಿಯ ವ್ಯವಸ್ಥೆ ಮಾಡಬೇಕು, ಹಾಗೆ ಅನುಮತಿ ಪಡೆದ ಅಂಗಡಿಯಲ್ಲಿ ಮಕ್ಕಳನ್ನು ಸೆಳೆಯುವ ಚಾಕೊಲೇಟು, ಚಿಪ್ಸ್, ಬಿಸ್ಕತ್ತುಗಳನ್ನು ಮಾರಬಾರದು ಎಂದು ಕೇಂದ್ರ ಆರೋಗ್ಯ ಸಚಿವಾಲಯ 2017ರ ಸೆಪ್ಟೆಂಬರ್‌ನಲ್ಲಿ ರಾಜ್ಯಗಳಿಗೆ ಸಲಹೆ ಪತ್ರ ಬರೆದಿದೆ. ಆದ್ದರಿಂದ ನಿಮ್ಮ ಪರವಾನಗಿಯನ್ನು ನವೀಕರಿಸುವಾಗ, ಅದರಲ್ಲಿ ನಮೂದಾಗಿರುವ ವ್ಯಾಪಾರದ ಬಾಬಿನಲ್ಲಿ ತಂಬಾಕು ಸೇರಿದೆಯೇ, ಪ್ರತ್ಯೇಕ ಅನುಮತಿ ಬೇಕೇ ಎಂಬುದನ್ನು ಪುರಸಭೆಯ ಆರೋಗ್ಯ ನಿರೀಕ್ಷಕರಲ್ಲಿ ಬರಹದಲ್ಲಿ ಕೇಳಿ, ಉತ್ತರವನ್ನೂ ಬರಹದಲ್ಲಿಯೇ ಪಡೆದುಕೊಳ್ಳಿ.

ಪರವಾನಗಿಗಿಂತ ಹೆಚ್ಚಾಗಿ ನಿಮ್ಮನ್ನು ಕಟ್ಟಿಹಾಕುವುದು ಸಿಗರೇಟು ಮತ್ತಿತರ ತಂಬಾಕು ಉತ್ಪನ್ನಗಳ ವ್ಯಾಪಾರವನ್ನು ನಿಯಂತ್ರಿಸುವ 2003ರ ಕೋಟ್ಪಾ ಕಾಯ್ದೆ ಮತ್ತು ಅದಕ್ಕೆ ಕರ್ನಾಟಕ ಮಾಡಿಕೊಂಡಿರುವ ತಿದ್ದುಪಡಿ. ವಿಧಾನಮಂಡಲ 2024ರಲ್ಲಿ ಒಪ್ಪಿದ ಈ ತಿದ್ದುಪಡಿಗೆ ರಾಷ್ಟ್ರಪತಿಯವರ ಅಂಕಿತ ದೊರೆತು 2025ರ ಮೇ ತಿಂಗಳಲ್ಲಿ ಅದು ಜಾರಿಗೆ ಬಂದಿದೆ. ನಮಗೆ ಬರುವ ಪತ್ರಗಳನ್ನು ನೋಡಿದರೆ ಅನೇಕ ಅಂಗಡಿಯವರು ಈಗಲೂ 18 ವರ್ಷ ಎಂಬ ಹಳೆಯ ಲೆಕ್ಕದಲ್ಲಿಯೇ ಇದ್ದಾರೆ. ಈಗ 21 ವರ್ಷ ತುಂಬದವರಿಗೆ ತಂಬಾಕು ಮಾರುವಂತಿಲ್ಲ. ಶಿಕ್ಷಣ ಸಂಸ್ಥೆಯಿಂದ 100 ಮೀಟರ್ ಒಳಗೆ ಮಾರುವಂತಿಲ್ಲ. ಪ್ಯಾಕು ಒಡೆದು ಒಂದೊಂದೇ ಸಿಗರೇಟು ಮಾರುವಂತಿಲ್ಲ. ಪೆಟ್ಟಿಗೆ ಅಂಗಡಿಯ ವ್ಯಾಪಾರ ನಡೆಯುವುದೇ ಬಿಡಿ ಸಿಗರೇಟಿನಿಂದ ಎಂಬುದು ನಮಗೆ ತಿಳಿಯದ ವಿಷಯವೇನಲ್ಲ. ಆದರೆ ಬಿಡಿಯಾಗಿ ಕೊಂಡವನ ಕೈಗೆ, ಪ್ಯಾಕಿನ ಶೇ. 85 ಭಾಗವನ್ನು ಆವರಿಸಿರುವ ಎಚ್ಚರಿಕೆಯ ಚಿತ್ರ ಸಿಗುವುದೇ ಇಲ್ಲ. ವಯಸ್ಸಿನ ಬಗ್ಗೆ ಅನುಮಾನ ಬಂದರೆ ಪುರಾವೆ ಕೇಳುವ ಹೊಣೆ ಮಾರುವವರದು. 18 ವರ್ಷದೊಳಗಿನ ಮಗುವಿಗೆ ತಂಬಾಕು ಕೊಟ್ಟರೆ ಬಾಲನ್ಯಾಯ ಕಾಯ್ದೆಯ 77ನೇ ಕಲಮಿನಡಿ ಏಳು ವರ್ಷದವರೆಗೆ ಕಠಿಣ ಸಜೆ ಮತ್ತು 1 ಲಕ್ಷ ರೂಪಾಯಿವರೆಗೆ ದಂಡದ ಅವಕಾಶವಿದೆ. ಗುಲಾಬಿ ಆಂದೋಲನದ ಹೆಸರಿನಲ್ಲಿ ಶಾಲಾ ಮಕ್ಕಳು ಅಂಗಡಿಗೆ ಬಂದು ಹೂವು ಕೊಟ್ಟು ಹೋದ ಮಾತ್ರಕ್ಕೆ ತನಿಖಾ ದಳದವರೂ ಹೂವು ಹಿಡಿದೇ ಬರುತ್ತಾರೆಂದು ಭಾವಿಸಬೇಡಿ.

ಪ್ರಶ್ನೆ: ನನ್ನ ಮಗ ಬ್ರಿಟನ್ನಿನಲ್ಲಿದ್ದಾನೆ. ಅಲ್ಲಿ ದಿನಸಿ ಅಂಗಡಿಯಲ್ಲಿಯೇ ಇ-ಸಿಗರೇಟು ಮಾರುತ್ತಾರೆ, ಧೂಮಪಾನ ಬಿಡಲು ವೈದ್ಯರೂ ಒಪ್ಪುತ್ತಾರೆ ಎನ್ನುತ್ತಾನೆ. ಅಲ್ಲಿ ನಿಯಮ ಮಾಡಿ ಮಾರಲು ಬಿಟ್ಟಿರುವಾಗ ಇಲ್ಲಿ ಪರವಾನಗಿ ಪದ್ಧತಿಯನ್ನೇ ಇಟ್ಟುಕೊಳ್ಳದಿರುವುದು ಸರಿಯೇ? (ಬೇಲೂರಿನ ನಿವೃತ್ತ ಶಿಕ್ಷಕರು)

ಉತ್ತರ: ನಿಮ್ಮ ಮಗ ಹೇಳುವುದರಲ್ಲಿ ಸುಳ್ಳಿಲ್ಲ. ಬ್ರಿಟನ್ನಿನಲ್ಲಿ 18 ವರ್ಷ ಮೇಲ್ಪಟ್ಟವರಿಗೆ ಮಾರಬಹುದು. ದ್ರವದಲ್ಲಿ ಪ್ರತಿ ಮಿಲಿಲೀಟರಿಗೆ 20 ಮಿಲಿಗ್ರಾಂಗಿಂತ ಹೆಚ್ಚು ನಿಕೋಟಿನ್ ಇರಬಾರದು, ಸಾಧನದ ಟ್ಯಾಂಕು 2 ಮಿಲಿಲೀಟರಿಗಿಂತ ದೊಡ್ಡದಿರಬಾರದು ಎಂಬ ಮಿತಿಗಳಿವೆ. ಸ್ಕಾಟ್ಲೆಂಡಿನಲ್ಲಿ 2017ರಿಂದ ಇವುಗಳನ್ನು ಮಾರುವ ಪ್ರತಿ ಅಂಗಡಿಯೂ ಸರ್ಕಾರಿ ದಾಖಲೆಯಲ್ಲಿ ಹೆಸರು ನೋಂದಾಯಿಸಬೇಕು. ಚಿಲ್ಲರೆ ಮಾರಾಟಗಾರರಿಗೆ ಪರವಾನಗಿ ವಿಧಿಸುವ ಪ್ರಸ್ತಾಪವಿರುವ ಮಸೂದೆಯನ್ನು ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಮಂಡಿಸಿದ್ದು 2024ರ ನವೆಂಬರ್‌ನಲ್ಲಿ, ಅಂದರೆ ವ್ಯಾಪಾರ ಊರೆಲ್ಲ ಹಬ್ಬಿದ ಮೇಲೆ. ಒಮ್ಮೆ ಬಳಸಿ ಎಸೆಯುವ ಬಗೆಯನ್ನು 2025ರ ಜೂನ್ 1ರಿಂದ ಅಲ್ಲಿಯೂ ನಿಷೇಧಿಸಲಾಗಿದೆ.

ಬೇರೆ ದೇಶಗಳು ಬೇರೆ ದಾರಿ ಹಿಡಿದಿವೆ. ನ್ಯೂಜಿಲೆಂಡಿನಲ್ಲಿ ಸಾಮಾನ್ಯ ಅಂಗಡಿಯವರು ತಂಬಾಕು, ಪುದೀನ, ಮೆಂಥಾಲ್ ಎಂಬ ಮೂರು ಪರಿಮಳಗಳನ್ನಷ್ಟೇ ಮಾರಬಹುದು, ಉಳಿದ ಪರಿಮಳಗಳನ್ನು ಮಾರಲು ವಿಶೇಷ ಮಾರಾಟಗಾರರೆಂಬ ಅನುಮೋದನೆ ಪಡೆಯಬೇಕು. ಚೀನಾದಲ್ಲಿ 2022ರಿಂದ ಇದು ಸರ್ಕಾರದ ತಂಬಾಕು ಏಕಸ್ವಾಮ್ಯದ ಹಿಡಿತಕ್ಕೆ ಬಂದು, ಅಂಗಡಿಗೆ ಪರವಾನಗಿ ಕಡ್ಡಾಯವಾಯಿತು, ಹಣ್ಣುಗಳ ಪರಿಮಳ ನಿಂತಿತು. ಆಸ್ಟ್ರೇಲಿಯಾ 2024ರ ಜುಲೈಯಿಂದ ಮಾರಾಟವನ್ನು ಔಷಧ ಅಂಗಡಿಗಳಿಗೆ ಸೀಮಿತಗೊಳಿಸಿತು. ಸಿಂಗಪುರ ಮತ್ತು ಥಾಯ್ಲೆಂಡಿನಲ್ಲಿ ನಮ್ಮಂತೆಯೇ ನಿಷೇಧವಿದೆ.

ಪರವಾನಗಿ ಪದ್ಧತಿಯಲ್ಲಿ ಒಂದು ಅನುಕೂಲವಿದೆ ಎಂಬುದನ್ನು ಒಪ್ಪಬೇಕು. ಅಂಗಡಿ ಯಾವುದೆಂದು ಸರ್ಕಾರಕ್ಕೆ ಗೊತ್ತಿರುತ್ತದೆ, ತಪ್ಪಿದವರ ಪರವಾನಗಿಯನ್ನು ಕಿತ್ತುಕೊಳ್ಳಬಹುದು, ದ್ರವದಲ್ಲಿ ಏನಿದೆಯೆಂದು ಪರೀಕ್ಷಿಸಬಹುದು. ನಿಷೇಧದಲ್ಲಿ ಕಳ್ಳದಾರಿಯಿಂದ ಬಂದ ಸರಕಿನೊಳಗೆ ಏನಿದೆ ಎಂಬುದಕ್ಕೆ ಯಾರೂ ಜವಾಬ್ದಾರರಲ್ಲ. ಆದರೆ ಈ ಅನುಕೂಲ ದಕ್ಕುವುದು ತಪಾಸಣೆ ನಿಜವಾಗಿ ನಡೆಯುವ ಕಡೆ. ಕಾಲೇಜಿನ ಕಾಂಪೌಂಡಿಗೆ ಆತುಕೊಂಡೇ ಸಿಗರೇಟು ಮಾರುವ ಅಂಗಡಿಗಳನ್ನು ಎತ್ತಿಸಲಾಗದ ನಮ್ಮ ಊರುಗಳಲ್ಲಿ, ಇನ್ನೊಂದು ಬಗೆಯ ನಿಕೋಟಿನ್‌ಗೆ ಪರವಾನಗಿ ಹಂಚಿ ಅದನ್ನು ಹದ್ದುಬಸ್ತಿನಲ್ಲಿ ಇಡುತ್ತೇವೆ ಎಂದರೆ ನಂಬುವುದು ಕಷ್ಟ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2019ರ ಮೇ ತಿಂಗಳಿನ ತನ್ನ ಶ್ವೇತಪತ್ರದಲ್ಲಿ ಪೂರ್ಣ ನಿಷೇಧವನ್ನೇ ಶಿಫಾರಸು ಮಾಡಿತ್ತು, ಸಂಸತ್ತು ಆ ದಾರಿಯನ್ನೇ ಹಿಡಿಯಿತು. ಧೂಮಪಾನ ಬಿಡಲು ನೆರವು ಬೇಕಾದವರಿಗೆ ಔಷಧ ಕಾನೂನಿನಡಿ ಪರವಾನಗಿ ಪಡೆದ ನಿಕೋಟಿನ್ ಚೂಯಿಂಗ್ ಗಮ್ ಮತ್ತು ಚರ್ಮಕ್ಕೆ ಅಂಟಿಸುವ ಪಟ್ಟಿಗಳಿವೆ. ಅಂಥ ಔಷಧಗಳನ್ನು 2019ರ ಅಧಿನಿಯಮ ಇ-ಸಿಗರೇಟಿನ ವ್ಯಾಖ್ಯೆಯಿಂದ ಹೊರಗಿಟ್ಟಿದೆ. 1800-11-2356 ಎಂಬ ರಾಷ್ಟ್ರೀಯ ಉಚಿತ ಸಹಾಯವಾಣಿಯೂ ಇದೆ. ಮಗ ಊರಿಗೆ ಬರುವಾಗ ತನ್ನ ಸಾಧನವನ್ನು ಅಲ್ಲಿಯೇ ಬಿಟ್ಟು ಬರಲಿ, ಏಕೆಂದರೆ ಆಮದಿನ ಮೇಲಿನ ನಿಷೇಧದಲ್ಲಿ ಸ್ವಂತ ಬಳಕೆಗೆಂಬ ರಿಯಾಯಿತಿ ಇಲ್ಲ.

ಪ್ರಶ್ನೆ: ನಾವು ರಾಮನಾಥಪುರದ ಕಡೆಯ ಹೊಗೆಸೊಪ್ಪು ಬೆಳೆಗಾರರು. ನಮಗೆ ಬೆಳೆಯಲು ನೋಂದಣಿ, ಬ್ಯಾರನ್‌ಗೆ ಲೈಸೆನ್ಸ್, ಇಷ್ಟೇ ಬೆಳೆಯಬೇಕೆಂಬ ಮಿತಿ. ಅದೇ ಸೊಪ್ಪಿನಿಂದ ಮಾಡಿದ ಸಿಗರೇಟು ಎಲ್ಲೆಂದರಲ್ಲಿ ಸಿಗುತ್ತದೆ, ಹೊಗೆಯಿಲ್ಲದ ಇ-ಸಿಗರೇಟಿಗೆ ಮಾತ್ರ ನಿಷೇಧ. ಇದು ಯಾವ ನ್ಯಾಯ?

ಉತ್ತರ: ನಿಮ್ಮ ಪ್ರಶ್ನೆ ಈ ಕಾನೂನಿನ ಅತಿ ದುರ್ಬಲವಾದ ಜಾಗವನ್ನೇ ಮುಟ್ಟಿದೆ. 1975ರ ತಂಬಾಕು ಮಂಡಳಿ ಅಧಿನಿಯಮದ ಪ್ರಕಾರ ವರ್ಜೀನಿಯಾ ತಂಬಾಕು ಬೆಳೆಗಾರ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು, ಹದಗೊಳಿಸುವ ಬ್ಯಾರನ್‌ಗೆ ಪರವಾನಗಿ ಪಡೆಯಬೇಕು, ಮಾರಾಟವನ್ನು ಹರಾಜು ಮಾರುಕಟ್ಟೆಯ ಮೂಲಕವೇ ಮಾಡಬೇಕು. ಸಸಿ ಮಡಿಯಿಂದ ಕಟ್ಟಿದ ಸೊಪ್ಪಿನ ಮೂಟೆಯವರೆಗೆ ಲೆಕ್ಕವಿರುವ ಈ ಸೊಪ್ಪು ಸಿಗರೇಟಾಗಿ ಅಂಗಡಿಯ ಕಟ್ಟೆಗೆ ಬರುವ ಹೊತ್ತಿಗೆ ಲೆಕ್ಕವೆಲ್ಲ ಸಡಿಲವಾಗಿರುತ್ತದೆ. ಹೊಲದಲ್ಲಿರುವಷ್ಟು ಬಿಗಿ ಅಂಗಡಿಯಲ್ಲಿ ಇಲ್ಲ ಎಂಬ ನಿಮ್ಮ ದೂರು ನ್ಯಾಯವಾದದ್ದು.

ಸಿಗರೇಟು ಬಿಟ್ಟು ಇದನ್ನು ಮಾತ್ರ ಏಕೆ ನಿಷೇಧಿಸಬೇಕು ಎಂಬ ಪ್ರಶ್ನೆ 2019ರಲ್ಲಿ ಸಂಸತ್ತಿನ ಚರ್ಚೆಯಲ್ಲೂ ಬಂದಿತ್ತು. ಬಳಸುವವರ ಸಂಖ್ಯೆ ದೊಡ್ಡದಾಗಿ ಬೆಳೆದು ಸಮಾಜವೂ ಒಪ್ಪಿಕೊಂಡ ಮೇಲೆ ಒಂದು ಉತ್ಪನ್ನವನ್ನು ನಿಷೇಧಿಸುವುದು ಬಹಳ ಕಷ್ಟ ಎಂಬ ಅರ್ಥದ ಉತ್ತರವನ್ನು ಅಂದಿನ ಆರೋಗ್ಯ ಸಚಿವ ಡಾ. ಹರ್ಷವರ್ಧನ್ ಕೊಟ್ಟಿದ್ದರು. ಪ್ರಾಮಾಣಿಕವಾದ ಉತ್ತರ, ಆದರೆ ಸಮಾಧಾನ ಕೊಡುವಂಥದ್ದಲ್ಲ. 2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯಂತೆ ಕರ್ನಾಟಕದ ವಯಸ್ಕರಲ್ಲಿ ಶೇ. 22.8ರಷ್ಟು ಜನ ಒಂದಲ್ಲ ಒಂದು ಬಗೆಯ ತಂಬಾಕು ಬಳಸುತ್ತಿದ್ದರು, ಅದರ ಮುಂದೆ ಇ-ಸಿಗರೇಟು ಬಳಸುವವರು ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ನೀವು ಎತ್ತಿರುವ ತಾರತಮ್ಯವನ್ನು ಸರಿಪಡಿಸಬೇಕಾದವರು ಶಾಸನ ಮಾಡುವವರು. ಇದನ್ನು ಕಾರಣವಾಗಿ ತೋರಿಸಿ ಇ-ಸಿಗರೇಟು ಮಾರಿದವರಿಗೆ ನ್ಯಾಯಾಲಯದಲ್ಲಿ ರಿಯಾಯಿತಿ ಸಿಗುವುದಿಲ್ಲ.

ಪ್ರಶ್ನೆ: ಮುಳ್ಳಯ್ಯನಗಿರಿಗೆ ಹೋಗುವ ದಾರಿಯಲ್ಲಿ ನಮ್ಮ ಹೋಂಸ್ಟೇ ಇದೆ. ವಾರಾಂತ್ಯಕ್ಕೆ ಬರುವ ಅತಿಥಿಗಳು ವೇಪ್ ಸೇದುತ್ತಾರೆ. ಕೆಲವರು ನಮ್ಮ ವಿಳಾಸಕ್ಕೆ ಪಾರ್ಸೆಲ್ ತರಿಸಿಕೊಳ್ಳಬಹುದೇ ಎಂದು ಕೇಳುತ್ತಾರೆ, ಹುಕ್ಕಾ ವ್ಯವಸ್ಥೆ ಇದೆಯೇ ಎಂದೂ ವಿಚಾರಿಸುತ್ತಾರೆ. ನಮಗೆ ತೊಂದರೆ ಬರುತ್ತದೆಯೇ?

ಉತ್ತರ: ಅಧಿನಿಯಮವು ಸೇದುವ ಕ್ರಿಯೆಯನ್ನು ಹೆಸರಿಸಿ ಅಪರಾಧವೆಂದು ಹೇಳಿಲ್ಲ. ಅದರ ಹಿಡಿತ ಇರುವುದು ಮಾರುವ, ಸಾಗಿಸುವ, ತರಿಸುವ, ಸಂಗ್ರಹಿಸುವ ಕೈಗಳ ಮೇಲೆ. ಆದ್ದರಿಂದ ಅತಿಥಿಯ ಜೇಬಿನಲ್ಲಿ ಏನಿದೆಯೆಂದು ನೀವು ತಡಕಾಡುವ ಅಗತ್ಯವಿಲ್ಲ. ಆದರೆ ಪಾರ್ಸೆಲ್ ವಿಚಾರದಲ್ಲಿ ಸ್ಪಷ್ಟವಾಗಿ ಇಲ್ಲ ಎನ್ನಿ. ನಿಮ್ಮ ಹೆಸರು, ವಿಳಾಸಗಳಿಗೆ ಬಂದ ಸರಕನ್ನು ನೀವು ಪಡೆದು ಅತಿಥಿಗೆ ತಲುಪಿಸಿದರೆ ಅದು ವಿತರಣೆ ಎಂಬ ಆರೋಪಕ್ಕೆ ಎಡೆಮಾಡುತ್ತದೆ. ಅತಿಥಿಗಳ ಅನುಕೂಲಕ್ಕೆಂದು ನಾಲ್ಕು ಸಾಧನಗಳನ್ನು ಕಪಾಟಿನಲ್ಲಿಟ್ಟು ಬಿಲ್ಲಿಗೆ ಸೇರಿಸುವುದಂತೂ ನೇರ ಮಾರಾಟವೇ.

ಹುಕ್ಕಾ ವಿಷಯದಲ್ಲಿ ಕರ್ನಾಟಕದ ಕಾನೂನು ಇನ್ನಷ್ಟು ಕಠಿಣ. ಮೇಲೆ ಹೇಳಿದ ತಿದ್ದುಪಡಿಯಂತೆ ಹುಕ್ಕಾ ಬಾರ್ ನಡೆಸಿದವರಿಗೆ ಒಂದು ವರ್ಷಕ್ಕೆ ಕಡಿಮೆಯಿಲ್ಲದ, ಮೂರು ವರ್ಷದವರೆಗಿನ ಸೆರೆವಾಸ ಮತ್ತು 50,000 ರೂಪಾಯಿಯಿಂದ 1 ಲಕ್ಷ ರೂಪಾಯಿವರೆಗೆ ದಂಡವಿದೆ. ಊಟ ತಿಂಡಿಯ ಜಾಗದ ಒಂದು ಮೂಲೆಯಲ್ಲಿ ನಡೆಸಿದರೂ ಅದು ಹುಕ್ಕಾ ಬಾರ್ ಆಗುತ್ತದೆ. ವಿದ್ಯುತ್ ಹುಕ್ಕಾ ಆದರೆ 2019ರ ಅಧಿನಿಯಮವೂ ಅನ್ವಯಿಸುತ್ತದೆ. ಬುಕಿಂಗ್ ಪುಟದ ಚಿತ್ರಗಳಲ್ಲಿ ಹಳೆಯ ಹುಕ್ಕಾ ಇದ್ದರೆ ಅದನ್ನು ಇವತ್ತೇ ತೆಗೆಸಿ.

ಪ್ರಶ್ನೆ: ನಿಕೋಟಿನ್ ಇಲ್ಲದ, ಗಿಡಮೂಲಿಕೆಯದು ಎನ್ನುವ ವೇಪ್‌ಗಳನ್ನು ಮಾರಬಹುದಲ್ಲವೇ? (ಅರಸೀಕೆರೆ)

ಉತ್ತರ: ಮಾರುವಂತಿಲ್ಲ. ನಿಕೋಟಿನ್ ಇರಲಿ ಇಲ್ಲದಿರಲಿ, ಪರಿಮಳ ಇರಲಿ ಇಲ್ಲದಿರಲಿ, ಯಾವುದೇ ಪದಾರ್ಥವನ್ನು ಬಿಸಿ ಮಾಡಿ ಒಳಗೆಳೆದುಕೊಳ್ಳುವ ಆವಿಯನ್ನು ಉಂಟುಮಾಡುವ ವಿದ್ಯುನ್ಮಾನ ಸಾಧನ ಎಂಬುದೇ ಕಾನೂನಿನ ವ್ಯಾಖ್ಯೆ. ತಂಬಾಕನ್ನು ಸುಡದೆ ಬಿಸಿ ಮಾಡುವ ಸಾಧನಗಳೂ ಇದರಲ್ಲಿ ಸೇರಿವೆ.

ಪ್ರಶ್ನೆ: ಚಿಕ್ಕಮಗಳೂರಿನ ಪದವಿಪೂರ್ವ ಕಾಲೇಜೊಂದರ ಉಪನ್ಯಾಸಕಿ ನಾನು. ಒಬ್ಬ ವಿದ್ಯಾರ್ಥಿಯ ಜಾಮಿಟ್ರಿ ಬಾಕ್ಸಿನಲ್ಲಿ ಪೆನ್‌ಡ್ರೈವ್ ಎಂದುಕೊಂಡಿದ್ದು ವೇಪ್ ಆಗಿತ್ತು. ಆನ್‌ಲೈನಿನಲ್ಲಿ ತರಿಸಿದನಂತೆ. ಯಾರಿಗೆ ದೂರು ಕೊಡಬೇಕು? ಹುಡುಗನಿಗೆ ಶಿಕ್ಷೆಯಾಗುತ್ತದೆಯೇ?

ಉತ್ತರ: ನೋಡಲು ಪೆನ್‌ಡ್ರೈವ್‌ನಂತಿದ್ದರೂ ಬಾಯಿಗಿಡುವ ತುದಿಯಲ್ಲಿ ಸಣ್ಣ ಸೀಳು, ಇನ್ನೊಂದು ತುದಿಯಲ್ಲಿ ಚಾರ್ಜಿಂಗ್ ಕಿಂಡಿ ಅಥವಾ ಪುಟ್ಟ ದೀಪ, ಹತ್ತಿರ ಹಿಡಿದರೆ ಮಾವಿನಹಣ್ಣಿನದೋ ಪುದೀನದ್ದೋ ಸಿಹಿ ವಾಸನೆ ಇವು ಗುರುತುಗಳು. ಒಳಗೆ ಲಿಥಿಯಂ ಬ್ಯಾಟರಿ, ಬಿಸಿಯಾಗುವ ತಂತಿಯ ಸುರುಳಿ ಮತ್ತು ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್ ಬೆರೆಸಿದ ದ್ರವ ಇರುತ್ತವೆ. ಹುಡುಗ ಮಾರುತ್ತಿರಲಿಲ್ಲ ಎಂದಾದರೆ ಅವನನ್ನು ಆರೋಪಿಯಂತೆ ನಡೆಸಿಕೊಳ್ಳುವ ಕಾರಣವಿಲ್ಲ. ತಂದೆತಾಯಿಯರನ್ನು ಕರೆಸಿ, ಆಪ್ತಸಮಾಲೋಚನೆಗೆ ಕಳಿಸಿ. ಪ್ರಾಂಶುಪಾಲರ ಮೂಲಕ ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಯಲ್ಲಿರುವ ಜಿಲ್ಲಾ ತಂಬಾಕು ನಿಯಂತ್ರಣ ಕೋಶಕ್ಕೂ ಸ್ಥಳೀಯ ಪೊಲೀಸ್ ಠಾಣೆಗೂ ದೂರು ಕೊಡಿ. ದೂರಿನಲ್ಲಿ ಹುಡುಗನ ಹೆಸರಿಗಿಂತ ಮಾರಿದ ಖಾತೆಯ ವಿವರ, ಹಣ ಪಾವತಿಸಿದ ದಾಖಲೆ, ಪಾರ್ಸೆಲ್ ಮೇಲಿನ ಚೀಟಿ ಮುಖ್ಯ. ಮಾರಿದವರನ್ನು ಪತ್ತೆ ಮಾಡಲು ಪೊಲೀಸರಿಗೆ ಅವೇ ಬೇಕಾಗುತ್ತವೆ.

ಪ್ರಶ್ನೆ: ಹಾಸನದಲ್ಲಿ ನನ್ನ ಮಳಿಗೆಯನ್ನು ಬಾಡಿಗೆಗೆ ಕೊಟ್ಟಿದ್ದೆ. ಬಾಡಿಗೆದಾರ ಖಾಲಿ ಮಾಡಿ ಹೋದ ಮೇಲೆ ಅಟ್ಟದ ಮೇಲೆ ಎರಡು ಪೆಟ್ಟಿಗೆ ಇ-ಸಿಗರೇಟು ಸಿಕ್ಕಿದೆ. ಏನು ಮಾಡಲಿ?

ಉತ್ತರ: ಒಂದು ಜಾಗವನ್ನು ಇವುಗಳ ದಾಸ್ತಾನಿಗೆ ಬಳಸಲು ತಿಳಿದೂ ತಿಳಿದು ಬಿಡುವ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ 50,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಇಲ್ಲಿ ಎಲ್ಲವೂ ನಿಂತಿರುವುದು ‘ತಿಳಿದು’ ಎಂಬ ಅಂಶದ ಮೇಲೆ. ಪೆಟ್ಟಿಗೆಗಳನ್ನು ನೋಡುವವರೆಗೆ ನಿಮಗೆ ತಿಳಿದಿರಲಿಲ್ಲ, ಈಗ ತಿಳಿದಿದೆ, ಆದ್ದರಿಂದ ತಡ ಮಾಡಬೇಡಿ. ಸರಕನ್ನು ಬೇರೆಡೆಗೆ ಸಾಗಿಸುವುದಾಗಲಿ, ಕಸಕ್ಕೆ ಎಸೆಯುವುದಾಗಲಿ ಬೇಡ. ಸಾಗಣೆಯೇ ಒಂದು ಅಪರಾಧ, ಲಿಥಿಯಂ ಬ್ಯಾಟರಿ ಕಸದ ರಾಶಿಯಲ್ಲಿ ಹೊತ್ತಿಕೊಳ್ಳುವ ಅಪಾಯ ಬೇರೆ. ಇದ್ದಲ್ಲಿಯೇ ಫೋಟೋ ತೆಗೆದು, ಎಷ್ಟು, ಯಾವ ಬಗೆಯವು ಎಂದು ಪಟ್ಟಿ ಮಾಡಿ, ಬಾಡಿಗೆ ಕರಾರಿನ ಪ್ರತಿ ಮತ್ತು ಮಳಿಗೆ ಖಾಲಿಯಾದ ದಿನಾಂಕದ ವಿವರದೊಂದಿಗೆ ಠಾಣೆಗೆ ಬರಹದಲ್ಲಿ ತಿಳಿಸಿ. ಪೊಲೀಸರು ಬಂದು ವಶಕ್ಕೆ ಪಡೆಯುವಾಗ ಮಹಜರಿನ ಪ್ರತಿ ಕೇಳಿ ಪಡೆಯಿರಿ. ಮುಂದಿನ ಬಾಡಿಗೆ ಕರಾರಿನಲ್ಲಿ ನಿಷೇಧಿತ ವಸ್ತುಗಳ ದಾಸ್ತಾನು ಕಂಡುಬಂದರೆ ಕರಾರು ರದ್ದಾಗುತ್ತದೆ ಎಂಬ ಷರತ್ತನ್ನು ನಿಮ್ಮ ವಕೀಲರಿಂದ ಸೇರಿಸಿಕೊಳ್ಳಿ.